ಕ್ಲಿಪ್ಪಿನ ಮೇಲಿನ ಕೆಂಪು ಗೆರೆ

"ಲೀಕ್ ಇಲ್ಲ ಅಂದ್ರಲ್ಲ ಮೇಡಂ, ನಮ್ಮನೆ ಗೇಟಿನ ಮುಂದೆ ಕೆರೆ ಆಗಿದೆ. ಇನ್ನೆರಡು ದಿನ ಹೋದ್ರೆ ಮಕ್ಕಳನ್ನ ಅಲ್ಲೇ ಇಳಿಸಿ ಈಜು ಕಲಿಸ್ತೀನಿ!"

ಜೀಪೊಂದರ ಬಾನೆಟ್ಟಿನೊಳಗೆ ತಲೆ ಹುದುಗಿಸಿದ್ದವಳು ತಲೆಯೆತ್ತಿದಳು. ಎದುರಿಗೆ ನಿಂತಿದ್ದವನ ಕೂದಲು ಇನ್ನೂ ಒದ್ದೆ. ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ರಬ್ಬರ್ ಚಪ್ಪಲಿ, ಮೈಯಿಂದ ಈಜುಕೊಳದ ಕ್ಲೋರಿನ್ ವಾಸನೆ. ಮುಖದಲ್ಲಿ ಕೋಪ ತಂದುಕೊಳ್ಳಲು ಅವನು ಪಾಪ ಬಹಳ ಪ್ರಯತ್ನ ಪಡುತ್ತಿದ್ದ. ಆದರೆ ತುಟಿಯ ಒಂದು ಮೂಲೆ ಅವನ ಮಾತು ಕೇಳದೆ ನಗುತ್ತಿತ್ತು.

ಆ ನಗು ನೋಡಿ ಅವಳಿಗೆ ಮೈ ಉರಿಯಿತು. ಹಿಂದಿನ ವಾರ ಇವನ ಹಳೇ ನೀಲಿ ಕಾರನ್ನು ಅವಳು ಮೂತಿಯಿಂದ ಬಾಲದವರೆಗೆ ತಡಕಿ ನೋಡಿದ್ದಳು. ರೇಡಿಯೇಟರಿನ ಹೊರಮೈ ಒಣಗಿತ್ತು, ಹೋಸ್ ಪೈಪುಗಳು ಒಣಗಿದ್ದವು, ಪಂಪ್ ಹಚ್ಚಿ ಒತ್ತಡ ಕೊಟ್ಟರೂ ಒಂದು ಹನಿ ಬಿದ್ದಿರಲಿಲ್ಲ. ಏನೂ ಇಲ್ಲ, ಹೋಗಿ ಎಂದು ಕಳಿಸಿದ್ದಳು. ಅವಳ ಕೈಯಿಂದ ಹೋದ ಗಾಡಿ ಅದೇ ರೋಗಕ್ಕೆ ಹಿಂದಿರುಗಿ ಬಂದದ್ದು ಇಲ್ಲವೇ ಇಲ್ಲ ಎನ್ನಬೇಕು.

ಮನೆಯಲ್ಲಿ ಅವಳಿಗಿದ್ದ ಹೆಸರು ಪಾದರಸ. ಇಟ್ಟವರು ಅತ್ತಿಗೆ. ಕೆಳಗೆ ಗ್ಯಾರೇಜು, ಮೇಲೆ ಅಣ್ಣನ ಸಂಸಾರ; ಅಣ್ಣ ಸರಕು ಲಾರಿ ಹತ್ತಿ ಊರೂರು ಸುತ್ತುವವನು. ಮೇಲಿನ ಮೆಟ್ಟಿಲ ಮೇಲೆ ಕೂತು ಕೆಳಗಿನದನ್ನೆಲ್ಲ ನೋಡುವುದು ಅತ್ತಿಗೆಯ ಸಂಜೆಯ ಕಾಲಕ್ಷೇಪ. ಪಾದರಸಕ್ಕೆ ಒಂದು ಕಡೆ ನಿಂತು ಗೊತ್ತಿಲ್ಲ. ಊಟವನ್ನು ನಿಂತುಕೊಂಡೇ ಮಾಡುತ್ತಾಳೆ, ಫೋನಿನಲ್ಲಿ ಮಾತಾಡುತ್ತಾ ಗ್ಯಾರೇಜಿಗೆ ಮೂರು ಸುತ್ತು ಹಾಕುತ್ತಾಳೆ.

"ಕೆರೆ ಯಾವಾಗ ಆಗುತ್ತೆ?" ಎಂದಳು.

"ಬೆಳಿಗ್ಗೆ ಎದ್ದು ನೋಡಿದ್ರೆ ಇರುತ್ತೆ."

"ಓಡಿಸಿ ಬಂದ ತಕ್ಷಣ?"

"ಆಗ ಏನೂ ಇರಲ್ಲ. ಮಹಾ ಸಭ್ಯ."

ಅವಳು ಹಣೆ ಚಚ್ಚಿಕೊಂಡಳು. ಹಣೆಯ ಮೇಲೆ ಗ್ರೀಸಿನ ಮುದ್ರೆ ಬಿತ್ತು. ಅವನು ಅದನ್ನು ನೋಡಿದ, ಹೇಳಲಿಲ್ಲ, ತುಟಿಯ ಮೂಲೆ ಇನ್ನಷ್ಟು ಮೇಲೆ ಹೋಯಿತು.

"ತಪ್ಪು ನಂದೇ. ಇಂಜಿನ್ ಬಿಸಿ ಇದ್ದಾಗ ರಬ್ಬರ್ ಉಬ್ಬಿ ಸಂದು ಮುಚ್ಚಿಕೊಂಡುಬಿಡುತ್ತೆ. ತಣ್ಣಗಾದ್ಮೇಲೆ ಕುಗ್ಗಿ ಹನಿಯುತ್ತೆ. ನೀವು ಓಡಿಸಿಕೊಂಡು ಬಂದ್ರಿ, ನಾನು ಬಿಸಿಯಲ್ಲೇ ನೋಡಿದೆ. ಇವತ್ತು ಇಲ್ಲೇ ಬಿಟ್ಟುಹೋಗಿ. ನಾಳೆ ಬೆಳಿಗ್ಗೆ ಹಿಡೀತೀನಿ."

"ಅಂದ್ರೆ ಎಲ್ಲರ ಮುಂದೆ ಗಟ್ಟಿಯಾಗಿದ್ದು, ಒಂಟಿಯಾಗಿದ್ದಾಗ ಅಳುತ್ತೆ ಅನ್ನಿ."

"ಅಳಲ್ಲ. ಸೋರುತ್ತೆ," ಎಂದಳು ಅವಳು ಮುಖ ಗಂಟಿಕ್ಕಿ. ಆದರೆ ಅವನು ಹೋದಮೇಲೆ ಕನ್ನಡಿಯಲ್ಲಿ ಹಣೆ ನೋಡಿಕೊಂಡು, ಹೇಳಬಾರದಿತ್ತೇ ಮಹಾರಾಯ ಎಂದು ಗೊಣಗಿಕೊಂಡಳು.

ಮರುದಿನ ಶಟರ್ ಎತ್ತುವ ಹೊತ್ತಿಗೆ ಅವನು ಆಗಲೇ ಬಾಗಿಲಲ್ಲಿದ್ದ. ಎರಡು ಕಾಗದದ ಲೋಟದಲ್ಲಿ ಕಾಫಿ ತಂದಿದ್ದ.

"ನಿಮ್ಮನ್ನ ಯಾರು ಕರೆದ್ರು?"

"ರೋಗಿಯ ಕಡೆಯವನು, ಡಾಕ್ಟ್ರೇ. ನೋಡಬಾರದಾ?"

ಡಾಕ್ಟ್ರೇ ಎನ್ನುವುದು ಅಂದಿನಿಂದ ಅಂಟಿಕೊಂಡಿತು. ಅವಳೂ ಸುಮ್ಮನಿರದೆ ಅವನನ್ನು ಮೇಷ್ಟ್ರೇ ಎನ್ನತೊಡಗಿದಳು. ಈಜು ಮೇಷ್ಟ್ರು. ನೀರಲ್ಲೇ ಬದುಕುವ ಮೇಷ್ಟ್ರ ಕಾರಿನಲ್ಲಿ ನೀರು ನಿಲ್ಲುವುದಿಲ್ಲವೆಂದರೆ ಊರು ನಗುವುದಿಲ್ಲವೇ ಎಂದು ಛೇಡಿಸಿದಳು. ಅವನು ತಾನೇ ಮೊದಲು ನಕ್ಕ.

ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ರಟ್ಟಿನ ಹಾಳೆ ಹಾಸಿ ಅವಳು ಕೆಳಗೆ ಜಾರಿದಳು. ಒಂದು ಕ್ಷಣ ಬಿಟ್ಟು ಪಕ್ಕದಲ್ಲಿ ಇನ್ನೊಂದು ರಟ್ಟು ಸರಿದ ಸದ್ದು. ತಿರುಗಿ ನೋಡಿದರೆ ಅವನ ಮುಖ ಗೇಣು ದೂರದಲ್ಲಿತ್ತು.

"ಬಟ್ಟೆ ಕೊಳೆಯಾಗುತ್ತೆ."

"ಆಗ್ಲಿ. ಎಲ್ಲಿ ನೋಡ್ಬೇಕು?"

"ಮಾತಾಡದೆ ಮೇಲೆ ನೋಡಿ. ಹನಿ ತಾನಾಗೇ ಬರುತ್ತೆ."

ಒಂದು ಕಡೆ ಅರೆಗಳಿಗೆ ನಿಲ್ಲದವಳು ಟಾರ್ಚು ಹಿಡಿದು, ಎವೆಯಿಕ್ಕದೆ, ಅಲುಗಾಡದೆ ಮಲಗಿದ್ದಳು. ಪಕ್ಕದಲ್ಲಿ ಅವನು ಉಸಿರಾಡುತ್ತಿದ್ದದ್ದು ಅವಳಿಗೆ ಕೇಳುತ್ತಿತ್ತು. ನಿಧಾನವಾಗಿ, ಆಳವಾಗಿ ಉಸಿರಾಡುವುದು ಈಜುವವರ ಅಭ್ಯಾಸ. ತನ್ನ ಉಸಿರು ಅದಕ್ಕೆ ತಾಳ ಹಾಕಲು ಹೊರಟಿದೆ ಎಂದು ತಿಳಿದಾಗ ಅವಳಿಗೆ ಗಾಬರಿಯಾಯಿತು. ಟಾರ್ಚನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ಅಲ್ಲಿ!" ಎಂದ ಅವನು ಪಿಸುದನಿಯಲ್ಲಿ, ಜೋರಾಗಿ ಹೇಳಿದರೆ ಓಡಿಹೋಗುತ್ತದೇನೋ ಎಂಬಂತೆ.

ರೇಡಿಯೇಟರಿನ ಕೆಳಗಿನ ಹೋಸ್ ಪೈಪು ವಾಟರ್ ಪಂಪಿಗೆ ಸೇರುವ ಕಡೆ, ಅದನ್ನು ಬಿಗಿಹಿಡಿಯುವ ಕ್ಲಿಪ್ಪಿನ ಅಂಚಿನಲ್ಲಿ ಹಸಿರು ಹನಿಯೊಂದು ದಪ್ಪಗಾಗುತ್ತಿತ್ತು. ತೂಗಿತು, ತಡವರಿಸಿತು, ಕಳಚಿ ಅವನ ಕೆನ್ನೆಯ ಮೇಲೆ ಬಿತ್ತು.

ಅವಳು ಜೋರಾಗಿ ನಕ್ಕುಬಿಟ್ಟಳು. ಮೆಟ್ಟಿಲ ಮೇಲಿಂದ ಅತ್ತಿಗೆ, "ಏನದು, ಕಾರಿನ ಕೆಳಗೆ ಅಷ್ಟು ತಮಾಷೆ?" ಎಂದು ಕೂಗಿದಾಗ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು.

ಹೋಸು ಹಳೆಯದಾಗಿ ಕಲ್ಲಿನಂತಾಗಿತ್ತು. ಅವಳು ಹೊಸದನ್ನು ಹಾಕಿದಳು, ಹೊಸ ಕ್ಲಿಪ್ಪು ಕೂರಿಸಿದಳು, ಸ್ಕ್ರೂ ತಿರುಗಿಸಿ ಅದರ ಲೋಹದ ಪಟ್ಟಿಯನ್ನು ಬೇಕಾದಷ್ಟೇ ಬಿಗಿ ಮಾಡಿದಳು. ಅವನಿಗೆ ಇಂಜಿನ್ ತಣಿಸುವ ಹಸಿರು ನೀರು, ಕೂಲಂಟ್, ಸುರಿಯುವ ಕೆಲಸ ಕೊಟ್ಟಳು. ಹೀಟರ್ ಪೂರ್ತಿ ಹಚ್ಚಿ, ಇಂಜಿನ್ ಓಡಿಸಿ, ಪೈಪನ್ನು ಹಿಸುಕುತ್ತಾ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಿಸಿದಳು. ಗುಳುಗುಳು ಎಂದು ಗುಳ್ಳೆಗಳು ಬಂದವು. "ನನ್ನ ಹತ್ರ ಈಜು ಕಲಿಯೋ ಮಕ್ಕಳೂ ಮೊದಲ ದಿನ ನೀರಲ್ಲಿ ಹೀಗೇ ಮಾಡ್ತಾರೆ," ಎಂದ ಅವನು.

ಕಡೆಯಲ್ಲಿ ಅವಳು ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದಳು. ಕೆಂಪು ನೇಲ್ ಪಾಲಿಷ್. ಸ್ಕ್ರೂವಿನ ತಲೆಯ ಅಂಚಿನಿಂದ ಕ್ಲಿಪ್ಪಿನ ಮೇಲಕ್ಕೆ ಒಂದೇ ಒಂದು ನೇರ ಗೆರೆ ಎಳೆದಳು.

"ಇದೇನು, ಕಾರಿಗೆ ಶೃಂಗಾರ?"

"ಹುಟ್ಟಿದಹಬ್ಬಕ್ಕೆ ಅತ್ತಿಗೆ ಕೊಟ್ಟಿದ್ದು. ಗ್ರೀಸ್ ಮೆತ್ತಿದ ಕೈಗೆ ಯಾಕೆ ದಂಡ ಅಂತ ಇದಕ್ಕೆ ಬಳಸ್ತೀನಿ. ನಾನು ಬಿಗಿ ಮಾಡಿದ್ದಕ್ಕೆಲ್ಲ ಒಂದು ಗೆರೆ. ಯಾರಾದ್ರೂ ಮುಟ್ಟಿದ್ರೆ ಗೆರೆ ಮುರಿಯುತ್ತೆ, ನನಗೆ ಗೊತ್ತಾಗುತ್ತೆ."

ಅವನು ಅವಳ ಬೆರಳುಗಳನ್ನು ನೋಡಿದ. ಬಣ್ಣವಿಲ್ಲದ, ಮೊಟಕಾಗಿ ಕತ್ತರಿಸಿದ ಉಗುರುಗಳು. ಅಷ್ಟು ಹೊತ್ತು ನೋಡುವಂಥದ್ದು ಅಲ್ಲೇನೂ ಇರಲಿಲ್ಲ. ಅವಳು ಕೈಗಳನ್ನು ಒರೆಸುವ ಬಟ್ಟೆಯೊಳಗೆ ಅಡಗಿಸಿಕೊಂಡಳು.

"ಒಳ್ಳೇದಾಯ್ತು," ಎಂದ. "ಬರೋ ಭಾನುವಾರ ಇದರಲ್ಲೇ ಹೋಗ್ಬೇಕು. ಸಮುದ್ರದ ಕಡೆ ಊರಲ್ಲಿ ಹೊಸ ಈಜುಕೊಳ ಕಟ್ಟಿದ್ದಾರೆ, ನನ್ನನ್ನ ಹೆಡ್ ಕೋಚ್ ಮಾಡಿದ್ದಾರೆ. ಬೆಳಿಗ್ಗೆ ಹೊರಟ್ರೆ ಸಂಜೆಗೆ ಸೇರೋ ದಾರಿ. ಈ ಲೀಕೊಂದೇ ತಲೆನೋವಾಗಿತ್ತು."

"ಹೌದಾ," ಎಂದಳು ಅವಳು. "ಇನ್ನೇನೂ ಆಗಲ್ಲ. ಧೈರ್ಯವಾಗಿ ಹೋಗಿ."

ಕಾರು ಬೀದಿ ತಿರುಗಿತು. ಎಲ್ಲಾ ಸರಿಯಾಗಿದೆ ಎಂದು ಅವಳಿಗೆ ಖಾತ್ರಿಯಿತ್ತು. ಅಷ್ಟು ಚೆನ್ನಾಗಿ ಯಾಕಾದರೂ ಮಾಡಿದೆನೋ ಎಂದು ತನ್ನ ಕೆಲಸದ ಬಗ್ಗೆ ಅವಳು ಹುಟ್ಟಿದಮೇಲೆ ಮೊದಲ ಸಲ ಕೊರಗಿದಳು. ಆ ಸಂಜೆ ಪಾದರಸ ಗ್ಯಾರೇಜಿನ ಸ್ಪ್ಯಾನರುಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ಮತ್ತೆ ಮೊದಲಿನ ಜಾಗದಲ್ಲೇ ಜೋಡಿಸಿತು.

ಗುರುವಾರ ಕಾರು ಮತ್ತೆ ಬಂತು. ಹನಿ ಹನಿಯಾಗಿ ಬೀದಿಯುದ್ದಕ್ಕೂ ಹಸಿರು ಚುಕ್ಕಿ ಇಟ್ಟುಕೊಂಡು ಬಂತು.

ಅವಳಿಗೆ ಅವಮಾನವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು ಕುಣಿಯುವಷ್ಟು ಖುಷಿಯಾಯಿತು. ಅದಕ್ಕೆ ನಾಚಿಕೆಪಟ್ಟುಕೊಂಡು ಬಾನೆಟ್ಟು ಎತ್ತಿದಳು.

ಕೆಂಪು ಗೆರೆ ಮುರಿದಿತ್ತು. ಸ್ಕ್ರೂವಿನ ಮೇಲಿನ ತುಂಡು ಒಂದು ಕಡೆ, ಕ್ಲಿಪ್ಪಿನ ಮೇಲಿನ ತುಂಡು ಇನ್ನೊಂದು ಕಡೆ.

ಯಾರೋ ತಿರುಗಿಸಿದ್ದಾರೆ. ಯಾರು? ಕಾರಿಗೆ ಒಡೆಯ ಒಬ್ಬನೇ. ಗೆರೆಯ ವಿಷಯ ಗೊತ್ತಿದ್ದವನೂ ಅವನೊಬ್ಬನೇ. ಒಂದು ಕ್ಷಣದಲ್ಲಿ ಅವಳು ಇಡೀ ಗಾಳಿಗೋಪುರ ಕಟ್ಟಿ, ಅದಕ್ಕೆ ಬಾಗಿಲು ಕಿಟಕಿ ಇಟ್ಟು, ಒಳಗೆ ಹೋಗಿ ಕೂತೂಬಿಟ್ಟಿದ್ದಳು. ಇನ್ನೊಮ್ಮೆ ಸರಿಯಾಗಿ ನೋಡುವ ವ್ಯವಧಾನ ಎಲ್ಲಿಂದ ಬರಬೇಕು?

"ಮೇಷ್ಟ್ರೇ," ಎಂದಳು, ಬಾನೆಟ್ಟಿನ ಮರೆಯಿಂದ ಮುಖ ತೋರಿಸದೆ. "ನಿಮ್ಮನೇಲಿ ಸ್ಕ್ರೂಡ್ರೈವರ್ ಇದೆಯಾ?"

"ಇದೆ. ಯಾಕೆ?"

"ಈ ಕ್ಲಿಪ್ಪು ತಾನಾಗೇ ತಿರುಗಿಲ್ಲ. ಇಲ್ಲಿಗೆ ಬರೋಕೆ ಒಂದು ನೆಪ ಬೇಕಿತ್ತಾ?"

ಅವಳು ನಗು ತಡೆಯುತ್ತಾ ಇಣುಕಿದಳು. ಅವನು ಬಾಯಿ ತೆರೆದುಕೊಂಡು ನಿಂತಿದ್ದ. ಆ ಮುಖದಲ್ಲಿ ಸಿಕ್ಕಿಬಿದ್ದವನ ಕಳೆ ಇರಲಿಲ್ಲ, ನಿಜವಾಗಿಯೂ ಏನೂ ತಿಳಿಯದವನ ಪೆಚ್ಚುತನವಿತ್ತು.

"ನಾನು ಬಾನೆಟ್ಟೇ ತೆಗೆದಿಲ್ಲ ಡಾಕ್ಟ್ರೇ. ನೆಪಾನಾ?" ಎಂದವನು, ಏನೋ ಹೊಳೆದು ತಲೆ ಮೇಲೆ ಕೈ ಹೊತ್ತ. "ಅಯ್ಯೋ. ನಮ್ಮಪ್ಪ!"

ಅವಳು ಆಗ ನೋಡಿದಳು. ಕ್ಲಿಪ್ಪಿನ ಪಟ್ಟಿಯ ಬಾಲ ಮೊದಲಿಗಿಂತ ಉದ್ದವಾಗಿ ಹೊರಗೆ ಬಂದಿತ್ತು. ಕ್ಲಿಪ್ಪು ಹೊಸ ರಬ್ಬರಿನೊಳಗೆ ಹಲ್ಲು ಕಚ್ಚಿ ಕೂತು ಅದನ್ನು ಸೀಳಿತ್ತು. ಸಡಿಲ ಮಾಡಿದ್ದಲ್ಲ, ಬಿಗಿ ಮಾಡಿದ್ದು. ಕಣ್ಣಿದ್ದ ಯಾರಿಗಾದರೂ ಕಾಣಬೇಕಿತ್ತು. ಭೂಮಿ ಬಾಯಿ ಬಿಟ್ಟರೆ ಈಗಲೇ ಒಳಗೆ ಹೋಗುತ್ತೇನೆ, ಟೂಲ್ ಬಾಕ್ಸ್ ಸಮೇತ, ಎಂದುಕೊಂಡಳು ಅವಳು.

ಅವನು ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಅವನ ಅಪ್ಪನೇ ಬಂದರು. ನಗರದ ನೀರು ಸರಬರಾಜಿನಲ್ಲಿ ಪೈಪ್ ಫಿಟ್ಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಅಪ್ಪ ಮುಚ್ಚಿದ ನಲ್ಲಿಗಳನ್ನು ತಿರುಗಿಸಲು ಎರಡು ಕೈ ಬೇಕು, ಡಬ್ಬಿಗಳ ಮುಚ್ಚಳ ತೆಗೆಯಲು ಪಕ್ಕದ ಮನೆಯವರನ್ನು ಕರೆಯಬೇಕು ಎಂದು ಮಗ ಹೇಳಿದ. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಅಪ್ಪ ಕಾರಿನ ಪಕ್ಕ ನಿಂತರು.

"ಸ್ವಲ್ಪ ಸಡಿಲ ಇದ್ದಂಗೆ ಕಾಣಿಸ್ತು ಕಣಮ್ಮ."

"ಸಡಿಲ ಇರ್ಲಿಲ್ಲ ಅಂಕಲ್. ಅದಕ್ಕೆ ಎಷ್ಟು ಬೇಕೋ ಅಷ್ಟೇ ಇತ್ತು."

"ಅಷ್ಟು ದೂರದ ದಾರಿ. ಎಲ್ಲೋ ನಡುವೆ ನಿಂತುಬಿಟ್ರೆ ಇವನು ಏನ್ಮಾಡ್ತಾನೆ ಅಂತ ನಿದ್ದೆ ಬರ್ಲಿಲ್ಲ. ಒಂದೆರಡು ಸುತ್ತು ಕೊಟ್ಟೆ." ಅವರು ಜುಬ್ಬದ ಜೇಬಿನಿಂದ ಮರದ ಹಿಡಿಯ ಹಳೇ ಸ್ಕ್ರೂಡ್ರೈವರ್ ತೆಗೆದು ಅವಳ ಕೈಗಿಟ್ಟರು. "ತಗೋ. ಇವನು ಹೊರಡೋ ತನಕ ನಿನ್ನ ಹತ್ರಾನೇ ಇರ್ಲಿ. ಮನೇಲಿದ್ರೆ ನನ್ನ ಕೈ ಸುಮ್ನಿರಲ್ಲ."

ಸುಮ್ಮನಿರದ ಕೈಗಳ ಕಷ್ಟ ಅವಳಿಗೆ ಗೊತ್ತಿಲ್ಲದ್ದೇ? ಅವಳು ಅದನ್ನು ಗೌರವದಿಂದ ಗೋಡೆಯ ಮೊಳೆಗೆ ನೇತುಹಾಕಿದಳು. ಮತ್ತೆ ಹೊಸ ಹೋಸು, ಹೊಸ ಕ್ಲಿಪ್ಪು, ಹೊಸ ಗೆರೆ. ಕೆಲಸ ಮುಗಿಯುವ ತನಕ ಈಜು ಮೇಷ್ಟ್ರ ಕಡೆ ಒಮ್ಮೆಯೂ ನೋಡಲಿಲ್ಲ.

ಅವನು ಮಾತ್ರ ಕೆಂಪು ಗೆರೆಯನ್ನು ಬಹಳ ಹೊತ್ತು ನೋಡುತ್ತಿದ್ದ.

"ಇದು ಅಲುಗಿದ್ರೆ ನಿಮಗೆ ಖಂಡಿತ ಗೊತ್ತಾಗುತ್ತಾ?"

"ಗೊತ್ತಾಗುತ್ತೆ," ಎಂದಳು ಮುಖಕ್ಕೆ ಹೊಡೆದಂತೆ. "ಇನ್ನು ಅಲುಗಲ್ಲ. ಭಾನುವಾರ ಸುಖವಾಗಿ ಹೋಗಿ."

ಶುಕ್ರವಾರ ಒಂದು ಲಾರಿಯ ಬ್ರೇಕನ್ನು ಎರಡು ಸಲ ಬಿಚ್ಚಿ ಹಾಕಿದಳು. ಶನಿವಾರ ಅನ್ನ ಇಳಿಯಲಿಲ್ಲ. ಎಂಥ ಮಾತು ಆಡಿಬಿಟ್ಟೆ, ಅವನು ಮನೆಗೆ ಹೋಗಿ ಎಷ್ಟು ನಕ್ಕಿರಬಹುದು ಎಂದು ನೆನೆದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ನಗಲಿ, ಆದರೆ ಹೋಗದಿರಲಿ ಎಂದು ಅದರ ಹಿಂದೆಯೇ ಇನ್ನೊಂದು ಯೋಚನೆ ಬರುತ್ತಿತ್ತು. ಮೆಟ್ಟಿಲ ಮೇಲಿಂದ ಅತ್ತಿಗೆ, "ಯಾವ ಗಾಡಿ ಕೆಟ್ಟಿದೆ ಅಂತ ಇಷ್ಟು ಒದ್ದಾಟ?" ಎಂದರು.

"ಯಾವುದೂ ಕೆಟ್ಟಿಲ್ಲ."

"ಅದೇ ಕಷ್ಟ ಅನ್ನು," ಎಂದು ಅತ್ತಿಗೆ ಒಳಗೆ ಹೋದರು.

ಭಾನುವಾರ ಗ್ಯಾರೇಜಿಗೆ ರಜ. ಆದರೂ ಅವಳು ಬೆಳಿಗ್ಗೆಯೇ ಶಟರ್ ಎತ್ತಿ, ನೆಲ ತೊಳೆದು, ತೊಳೆದದ್ದು ಸಾಲದೆಂದು ಒಣಬಟ್ಟೆಯಲ್ಲಿ ಒರೆಸಿದಳು. ಈಗ ಹೊರಟಿರುತ್ತಾನೆ. ಈಗ ದೊಡ್ಡ ರಸ್ತೆ ಸೇರಿರುತ್ತಾನೆ. ಈಗ ಟೆಂಪರೇಚರ್ ಮುಳ್ಳು ನಡುವೆ ನೆಟ್ಟಗೆ ನಿಂತಿರುತ್ತದೆ. ನನ್ನ ಕೈಯೇ ಅದನ್ನು ನಿಲ್ಲಿಸಿದ್ದು ಎಂದು ಆ ಕೈಯನ್ನೇ ದುರುಗುಟ್ಟಿ ನೋಡಿದಳು.

ಬೀದಿಯ ತುದಿಯಲ್ಲಿ ಪರಿಚಯದ ಸದ್ದು ಕೇಳಿಸಿತು.

ನೀಲಿ ಕಾರು ಬಾಗಿಲಿಗೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಸೂಟ್‌ಕೇಸು, ಹಾಸಿಗೆಯ ಸುರುಳಿ, ಮಕ್ಕಳು ಈಜು ಕಲಿಯುವ ಬಣ್ಣದ ತೇಲುಹಲಗೆಗಳು. ತೊಳೆದು ಒರೆಸಿದ ನೆಲದ ಮೇಲೆ ಟಪ್ ಎಂದು ಒಂದು ಹಸಿರು ಹನಿ ಬಿತ್ತು.

ಅವಳಿಗೆ ಅಳು ಬಂತು. "ಮತ್ತೆ ನಿಮ್ಮಪ್ಪನಾ? ನಾನೇನು ನಿಮ್ಮನೆ ಆಳಾ? ಎಷ್ಟು ಸಲ ಹೋಗಿ ಅನ್ನಲಿ ನಿಮಗೆ?"

"ನೋಡಿ ಮೊದಲು," ಎಂದ ಅವನು. ಇವತ್ತು ತುಟಿಯ ಮೂಲೆ ನಗುತ್ತಿರಲಿಲ್ಲ. ನಿಧಾನವಾಗಿ ಉಸಿರಾಡುವ ಮನುಷ್ಯ ಎರಡು ಬೀದಿ ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ.

ಅವಳು ಬಾನೆಟ್ಟು ಎತ್ತಿದಳು. ಗೆರೆ ಮುರಿದಿತ್ತು. ಈ ಸಲ ಅವಳು ದುಡುಕಲಿಲ್ಲ. ಟಾರ್ಚು ಹಿಡಿದು, ಬಗ್ಗಿ, ಸಾವಕಾಶವಾಗಿ ನೋಡಿದಳು. ಸ್ಕ್ರೂವಿನ ಮೇಲಿನ ಕೆಂಪು ತುಂಡು ಎಡಕ್ಕೆ ತಿರುಗಿತ್ತು. ಪಟ್ಟಿಯ ಬಾಲ ಒಳಗೆ ಸರಿದಿತ್ತು. ಬೆರಳಿಟ್ಟರೆ ಕ್ಲಿಪ್ಪು ಅಲುಗುತ್ತಿತ್ತು. ಸ್ಕ್ರೂವಿನ ಸೀಳಿನ ತುಂಬ ಗೀರುಗಳು. ಹತ್ಯಾರ ಹಿಡಿದು ಗೊತ್ತಿಲ್ಲದ ಯಾರೋ ಚಾಕುವಿನ ತುದಿಯಿಂದ ಹೆಣಗಾಡಿದ್ದರು.

ಅವಳು ಗೋಡೆಯ ಕಡೆ ನೋಡಿದಳು. ಮರದ ಹಿಡಿಯ ಸ್ಕ್ರೂಡ್ರೈವರ್ ಮೊಳೆಯಲ್ಲೇ ಇತ್ತು.

"ನಿಮ್ಮಪ್ಪ ಹುಟ್ಟಿದಮೇಲೆ ಯಾವುದನ್ನೂ ಎಡಕ್ಕೆ ತಿರುಗಿಸಿರಲ್ಲ," ಎಂದಳು.

"ಇಲ್ಲ."

"ಹಾಗಾದ್ರೆ ಇದು..."

"ನಾನು. ಹಣ್ಣು ಹೆಚ್ಚೋ ಚಾಕು ಹಾಳಾಯ್ತು." ಅವನು ಹೆಬ್ಬೆರಳು ತೋರಿಸಿದ. ಅದಕ್ಕೊಂದು ಬ್ಯಾಂಡೇಜು. "ಬೆಳಿಗ್ಗೆ ಸಾಮಾನೆಲ್ಲ ತುಂಬಿ ಕೂತೆ. ಚಾವಿ ತಿರುಗಿಸೋಕೆ ಕೈ ಬರ್ಲಿಲ್ಲ. ಗುರುವಾರ ನೀವು ಕೇಳಿದ್ರಲ್ಲ, ನೆಪ ಬೇಕಿತ್ತಾ ಅಂತ. ಬೇಕಿತ್ತು ಡಾಕ್ಟ್ರೇ. ಅವತ್ತೇ ಹೇಳಬೇಕಿತ್ತು, ಹೊಳೆಯಲಿಲ್ಲ. ಆಮೇಲೆ ನೀವು ನನ್ನ ಮುಖಾನೇ ನೋಡ್ಲಿಲ್ಲ."

"ಗೆರೆ ಮುರಿದ್ರೆ ನನಗೆ ಗೊತ್ತಾಗುತ್ತೆ ಅಂತ ಹೇಳಿದ್ದೆ ತಾನೆ?"

"ಗೊತ್ತಾಗ್ಲಿ ಅಂತಾನೇ ಮುರಿದಿದ್ದು. ಬಾಯಲ್ಲಿ ಹೇಳೋಕೆ ಧೈರ್ಯ ಇರ್ಲಿಲ್ಲ. ನೀವೇ ಓದ್ಕೊಳ್ತೀರ ಅಂತ."

ಇನ್ನೊಂದು ಹನಿ ನೆಲಕ್ಕೆ ಬಿತ್ತು. ಅವಳು ಒರೆಸುವ ಬಟ್ಟೆಗೆ ಕೈ ಚಾಚಿದವಳು ಹಾಗೇ ಬಿಟ್ಟಳು.

"ಇಂಜಿನ್ ಬಿಸಿ ಇದೆ," ಎಂದಳು. "ಆರಬೇಕು. ಒಂದು ಗಂಟೆ ಮುಟ್ಟೋ ಹಾಗಿಲ್ಲ."

"ಎರಡು ಬೀದಿ ಓಡಿಸಿದ್ದಕ್ಕೆ ಒಂದು ಗಂಟೆನಾ?"

"ಮೆಕ್ಯಾನಿಕ್ ನಾನಾ, ನೀವಾ?"

ಅವನು ನೆಲದ ಮೇಲೆ ಕಾರಿಗೆ ಒರಗಿ ಕೂತ. ಅವಳೂ ಕೂತಳು. ಹನಿ ಬೀಳುವ ಜಾಗ ನಡುವೆ ಇತ್ತು. ಒಂದು ತಟ್ಟೆ ತಂದಿಟ್ಟಳು. ಅವನು ಹೊಸ ಊರಿನ ಕೊಳದ ವಿಷಯ ಹೇಳಿದ, ನೀರಿಗೆ ಹೆದರುವ ಮಕ್ಕಳ ವಿಷಯ ಹೇಳಿದ. ಆ ಕೆಲಸ ಅವನಿಗೆ ಎಷ್ಟು ಬೇಕಿತ್ತು ಎಂದು ಅವನ ಕಣ್ಣೇ ಹೇಳುತ್ತಿತ್ತು. ಹೋಗಬೇಡಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು, ಅಲ್ಲೇ ನಿಂತು, ಹಿಂದಕ್ಕೆ ಹೋಯಿತು. ಯಾವುದನ್ನು ಎಷ್ಟು ಬಿಗಿ ಮಾಡಬೇಕು ಎಂದು ಅವಳಿಗೆ ಗೊತ್ತಿತ್ತು.

ಮೇಲೆ ಅತ್ತಿಗೆಯ ಹೆಜ್ಜೆ ಮೆಟ್ಟಿಲವರೆಗೆ ಬಂತು. ಎಷ್ಟು ಹೊತ್ತಾದರೂ ಒಂದೇ ಕಡೆ ಕೂತಿದ್ದ ಪಾದರಸವನ್ನು ನೋಡಿ, ಸದ್ದಿಲ್ಲದೆ ಹಿಂದೆ ಹೋಯಿತು.

ಒಂದು ಗಂಟೆ ಹೇಗೋ ಎರಡಾದಮೇಲೆ ಅವಳು ಎದ್ದಳು. ಗೋಡೆಯಿಂದ ಅಪ್ಪನ ಸ್ಕ್ರೂಡ್ರೈವರ್ ತೆಗೆದು ಅದರಲ್ಲೇ ಕ್ಲಿಪ್ಪು ಬಿಗಿ ಮಾಡಿದಳು. ಹಳೇ ಬಣ್ಣ ಒರೆಸಿ ಹೊಸ ಗೆರೆ ಎಳೆದಳು. ಕೂಲಂಟ್ ತುಂಬಿ, ಗಾಳಿ ಬಿಡಿಸಿ, ಕೆಳಗೆ ಮಲಗಿ ಎಲ್ಲವನ್ನೂ ಮುಟ್ಟಿ ನೋಡಿದಳು. ಅವಳ ಜೀವನದಲ್ಲೇ ಅಷ್ಟು ಮನಸ್ಸಿಟ್ಟು ಯಾವ ಕೆಲಸವನ್ನೂ ಮಾಡಿರಲಿಲ್ಲ. ಅವನು ಸುಖವಾಗಿ ತಲುಪಬೇಕಿತ್ತು.

"ಅಲ್ಲಿ ತಿಂಗಳಿಗೊಂದ್ಸಲ ಕೊಳ ಖಾಲಿ ಮಾಡಿ ತೊಳೀತಾರೆ," ಎಂದ ಅವನು ಸ್ಟೇರಿಂಗ್ ಹಿಡಿದು. "ಎರಡು ದಿನ ರಜ."

"ಹ್ಞೂಂ."

"ಇದು ಮತ್ತೆ ಲೀಕ್ ಆಗುತ್ತಾ?"

"ಆಗಲ್ಲ. ನಾನು ಮಾಡಿದ್ದು."

"ಆಗದೇ ಇದ್ರೆ ನಾನು ಹೇಗೆ ಬರ್ಲಿ?"

ಅವಳು ಕಿಟಕಿಯೊಳಗೆ ಕೈ ಚಾಚಿ, ಅವನ ಬ್ಯಾಂಡೇಜಿನ ಹೆಬ್ಬೆರಳನ್ನು ತನ್ನ ಗ್ರೀಸು ಮೆತ್ತಿದ ಅಂಗೈಯಲ್ಲಿ ಹಿಡಿದಳು. ಅಷ್ಟು ದಿನ ಬನ್ನಿ, ಹೋಗಿ, ನೋಡಿ, ಬಿಡಿ ಎಂದ ಬಾಯಿ ಅವಳನ್ನು ಕೇಳದೆಯೇ ಬೇರೆ ಮಾತಾಡಿತು.

"ನೆಪ ಇಲ್ಲದೇನೇ ಬಾ," ಎಂದಳು.